ಬೇಡ ಅನ್ನಿ, ಯಾಕೆ ಅಂತಲೂ ಹೇಳಿ

'ವಿ ರಿಗ್ರೆಟ್ ಟು ಇನ್ಫಾರ್ಮ್ ಯೂ' ಎಂದು ಶುರುವಾಗುವ ಇ-ಮೇಲ್‌ಗಳು ಎಷ್ಟು ಸಭ್ಯವಾಗಿರುತ್ತವೆ ಅಂದರೆ, ಓದಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ನೀವು ತೋರಿಸಿದ ಆಸಕ್ತಿಗೆ ಧನ್ಯವಾದ, ನಿಮ್ಮ ಪ್ರೊಫೈಲ್ ನಮಗೆ ಹಿಡಿಸಿತು, ಆದರೆ ಈ ಸಲ ಬೇರೆ ಅಭ್ಯರ್ಥಿಗಳನ್ನು ಆರಿಸಿಕೊಂಡಿದ್ದೇವೆ, ನಿಮ್ಮ ರೆಸ್ಯೂಮೆ ನಮ್ಮಲ್ಲೇ ಇರುತ್ತದೆ, ಶುಭವಾಗಲಿ. ಹಿಡಿಸಿದ ಮೇಲೆ ಬೇಡ ಅಂದದ್ದು ಯಾಕೆ ಅನ್ನುವ ಒಂದು ವಿಷಯ ಬಿಟ್ಟು ಉಳಿದೆಲ್ಲವೂ ಅದರಲ್ಲಿರುತ್ತದೆ. ಇಷ್ಟಾದರೂ ಬರೆಯುವವರು ಪುಣ್ಯವಂತರು. ಎಷ್ಟೋ ಕಂಪನಿಗಳು ಅದನ್ನೂ ಬರೆಯುವುದಿಲ್ಲ. ಪ್ಲೇಸ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪಿಗೆ ಮುಂದಿನ ಸುತ್ತಿಗೆ ಹೋದವರ ಪಟ್ಟಿ ಬರುತ್ತದೆ. ನಿಮ್ಮ ಯುಎಸ್‌ಎನ್ ಹುಡುಕುತ್ತೀರಿ. ಇಲ್ಲ. ಮೇಲಿನಿಂದ ಇನ್ನೊಮ್ಮೆ ಹುಡುಕುತ್ತೀರಿ. ಇಲ್ಲ. ಅಲ್ಲಿಗೆ ಮುಗಿಯಿತು.

ನಾನು ಇ ಅಂಡ್ ಸಿ ವಿದ್ಯಾರ್ಥಿ, ಏಳನೇ ಸೆಮಿಸ್ಟರ್. ಇಲ್ಲಿಯವರೆಗೆ ಒಂಬತ್ತು ಕಂಪನಿಗಳು ನನ್ನನ್ನು ಬೇಡ ಅಂದಿವೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನಮ್ಮ ಕ್ಲಾಸಿನಲ್ಲಿ ಹನ್ನೊಂದು ಆದವನಿದ್ದಾನೆ, ಹದಿನಾಲ್ಕು ಆದವಳೂ ಇದ್ದಾಳೆ. ಬೇಡ ಅಂದದ್ದಕ್ಕೆ ನನ್ನ ತಕರಾರಿಲ್ಲ. ಇಪ್ಪತ್ತು ಕೆಲಸಕ್ಕೆ ನಾನೂರು ಮಂದಿ ಬಂದು ಕೂತರೆ ಮುನ್ನೂರ ಎಂಬತ್ತು ಮಂದಿಗೆ ಬೇಡ ಅನ್ನಲೇಬೇಕು, ಇದು ನಮಗೂ ಗೊತ್ತು. ತಕರಾರು ಇರುವುದು ಕಾರಣ ಹೇಳದೆ ಕಳಿಸುವುದಕ್ಕೆ. ತಿರಸ್ಕಾರ ಎದುರಿಸುವುದು ಹೇಗೆ ಎಂದು ನಮಗೆ ಸೆಮಿನಾರ್ ಮೇಲೆ ಸೆಮಿನಾರ್ ಮಾಡುತ್ತಾರೆ. ಧೈರ್ಯ, ಆತ್ಮವಿಶ್ವಾಸ, ಪಾಸಿಟಿವ್ ಥಿಂಕಿಂಗ್ ಎಲ್ಲ ಸರಿ. ಆದರೆ ಯಾಕೆ ಬಿದ್ದೆ ಎಂದು ಗೊತ್ತಿಲ್ಲದವನು ಎದ್ದು ಯಾವ ಕಡೆ ನಡೆಯಬೇಕು?

ಕಾರಣ ಹೇಳದೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಅದನ್ನು ನಾವೇ ತುಂಬಿಕೊಳ್ಳುತ್ತೇವೆ. ಡ್ರೈವ್ ಮುಗಿದ ರಾತ್ರಿ ಯಾವುದಾದರೂ ಹಾಸ್ಟೆಲಿನ ಮೆಸ್‌ನಲ್ಲಿ ಕೂತು ಕೇಳಿ. ಒಬ್ಬನ ಪ್ರಕಾರ ಬೆಂಗಳೂರಿನ ಕಾಲೇಜಿನವರಾದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬನ ಪ್ರಕಾರ ಈ ಸಲ ಹುಡುಗಿಯರಿಗೇ ಹೆಚ್ಚು ಸೀಟು. ಮತ್ತೊಬ್ಬ, 'ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂತ ರೆಸ್ಯೂಮೆಯಲ್ಲಿ ಹಾಕಿದ್ದೀಯಲ್ಲೋ, ಮೊದಲು ಅದನ್ನ ತೆಗಿ' ಅನ್ನುತ್ತಾನೆ. ಶರ್ಟಿನ ಬಣ್ಣ, ಗಡ್ಡ, ಸಂದರ್ಶಕರ ಮೂಡು, ಶನಿವಾರ ಎಲ್ಲವೂ ಚರ್ಚೆಗೆ ಬರುತ್ತವೆ. ನಗು ಬರುತ್ತದೆ, ಆದರೆ ಈ ಊಹೆಗಳ ಮೇಲೆ ಜನ ಕೆಲಸ ಮಾಡುತ್ತಾರೆ. ಒಬ್ಬ ಶರ್ಟು ಬದಲಿಸಿದ. ಒಬ್ಬ ತನ್ನ ಊರಿನ ಸರ್ಕಾರಿ ಶಾಲೆಯ ಹೆಸರನ್ನೇ ರೆಸ್ಯೂಮೆಯಿಂದ ಅಳಿಸಿದ. ಒಬ್ಬ ಮನೆಯಲ್ಲಿ ಕಾಡಿ ಬೇಡಿ ಇಪ್ಪತ್ತೈದು ಸಾವಿರ ತರಿಸಿಕೊಂಡು ಜಾವಾ ಕೋರ್ಸಿಗೆ ಸೇರಿದ. ಇವರಲ್ಲಿ ಯಾರು ಸರಿಯಾದದ್ದನ್ನು ಬದಲಿಸಿದರು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಮ್ಮ ಬ್ರಾಂಚಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಎಂಬ ವಿಷಯವಿದೆ. ಮೊದಲ ವಾರದಲ್ಲೇ ಎರಡು ಬಗೆಯ ವ್ಯವಸ್ಥೆ ಕಲಿಸುತ್ತಾರೆ. ರಸ್ತೆಯಲ್ಲಿ ಗಾಡಿ ಇರಲಿ ಬಿಡಲಿ ತನ್ನ ಪಾಡಿಗೆ 60 ಸೆಕೆಂಡ್ ಎಣಿಸುವ ಟ್ರಾಫಿಕ್ ಸಿಗ್ನಲ್ 'ಓಪನ್ ಲೂಪ್'. ಬಿಸಿ ಎಷ್ಟಾಗಿದೆ ಎಂದು ತಾನೇ ನೋಡಿಕೊಂಡು ಆಫ್ ಆಗುವ ಇಸ್ತ್ರಿ ಪೆಟ್ಟಿಗೆ 'ಕ್ಲೋಸ್ಡ್ ಲೂಪ್'. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ತಂತಿ, ಫಲಿತಾಂಶವನ್ನು ವಾಪಸ್ ಒಳಗೆ ತರುವ ಫೀಡ್‌ಬ್ಯಾಕ್ ತಂತಿ. ಆ ತಂತಿ ಕತ್ತರಿಸಿಟ್ಟು, ಮಕ್ಕಳು ಸುಧಾರಿಸಿಕೊಳ್ಳುತ್ತಿಲ್ಲ ಅನ್ನುವುದು ಯಾವ ಸೀಮೆಯ ನ್ಯಾಯ?

'ರಿಜೆಕ್ಟ್' ಎಂಬ ಒಂದೇ ಪದದಲ್ಲಿ ನಾಲ್ಕೈದು ಬೇರೆ ಬೇರೆ ಸಂಗತಿಗಳು ಅಡಗಿವೆ ಎಂಬುದನ್ನು ಮನೆಯವರಿಗೂ ಹೇಳಬೇಕು. ಮೊದಲನೆಯದು ಅರ್ಹತೆಯ ಜರಡಿ. ಹತ್ತನೇ ಕ್ಲಾಸು, ಪಿಯುಸಿ, ಬಿಇ ಮೂರರಲ್ಲೂ 60 ಪರ್ಸೆಂಟ್ ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂದು ಕೇಳುವ ಕಂಪನಿಗಳು ಬಹಳ. ಪಿಯುಸಿಯಲ್ಲಿ ಟೈಫಾಯ್ಡ್ ಬಂದು 58 ಆದವನು ಈಗ 8.5 ಸಿಜಿಪಿಎ ಇದ್ದರೂ ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ಹೊರಗೆ. ಇದು ಅವನ ಇವತ್ತಿನ ಯೋಗ್ಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಗುಂಪು ಕರಗಿಸಲು ಸುಲಭದ ದಾರಿ, ಅಷ್ಟೇ. ಆಮೇಲೆ ಆನ್‌ಲೈನ್ ಆಪ್ಟಿಟ್ಯೂಡ್. ಒಂದು ಲೆಕ್ಕಕ್ಕೆ ಒಂದು ನಿಮಿಷವೂ ಸಿಗದ ಪರೀಕ್ಷೆ ಇದು. ಗೊತ್ತಿದೆಯೇ ಅನ್ನುವುದಕ್ಕಿಂತ ಬೇಗ ಆಗುತ್ತದೆಯೇ ಅನ್ನುವುದು ಇಲ್ಲಿ ಮುಖ್ಯ. ಕೋಡಿಂಗ್ ಸುತ್ತಿನಲ್ಲಿ ಬಿದ್ದರೆ ಅಭ್ಯಾಸ ಸಾಲದು ಎಂದು ಬಹುಮಟ್ಟಿಗೆ ತಿಳಿಯಬಹುದು. ಟೆಕ್ನಿಕಲ್ ಸಂದರ್ಶನದಲ್ಲಿ ಉತ್ತರ ಬರದೆ ಬಿದ್ದರೆ ನಮಗೇ ಗೊತ್ತಾಗುತ್ತದೆ, ರೂಮಿನಿಂದ ಹೊರಬರುವಾಗಲೇ. ಇವೆಲ್ಲಕ್ಕೂ ಮದ್ದು ಬೇರೆ ಬೇರೆ. ಕಾಲುನೋವಿಗೂ ಜ್ವರಕ್ಕೂ ಒಂದೇ ಮಾತ್ರೆ ನುಂಗಿದ ಹಾಗೆ, ಎಲ್ಲಕ್ಕೂ 'ಇನ್ನೂ ಕಷ್ಟಪಟ್ಟು ಓದು' ಎಂಬ ಒಂದೇ ಸಲಹೆ ಸಿಗುತ್ತದೆ.

ಕೊನೆಯ ಎಚ್‌ಆರ್ ಸುತ್ತಿನದು ಮಾತ್ರ ವಿಚಿತ್ರ. ಅಲ್ಲಿ ಅಪರೂಪಕ್ಕೆ ಕಾರಣ ಸಿಗುತ್ತದೆ, ಮತ್ತು ಸಿಕ್ಕಾಗಲೆಲ್ಲ ಒಂದೇ ಕಾರಣ: ಕಮ್ಯುನಿಕೇಶನ್. ನಮ್ಮ ಬ್ರಾಂಚಿನ ಹೆಸರಿನಲ್ಲೇ ಕಮ್ಯುನಿಕೇಶನ್ ಇದೆ, ನಾಲ್ಕು ವರ್ಷ ಅದನ್ನೇ ಓದಿರುತ್ತೇವೆ, ಕೊನೆಗೆ ಅದೇ ಇಲ್ಲ ಅನ್ನುತ್ತಾರೆ! ತಮಾಷೆ ಇರಲಿ, ಆ ಪದದ ಅರ್ಥವಾದರೂ ಏನು? ವ್ಯಾಕರಣ ತಪ್ಪಿತೇ? ಉಚ್ಚಾರದಲ್ಲಿ ಹಾವೇರಿ ಕೇಳಿಸಿತೇ? ದನಿ ಸಣ್ಣದಾಯಿತೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದು ತಪ್ಪಾಯಿತೇ? ಹೊರದೇಶದ ಗ್ರಾಹಕರ ಜೊತೆ ಮಾತಾಡುವ ಕೆಲಸಕ್ಕೆ ಇಂಗ್ಲಿಷ್ ಬೇಕು, ಒಪ್ಪೋಣ. ವ್ಯಾಕರಣವಾದರೆ ಮೂರು ತಿಂಗಳು ದುಡಿದು ಸರಿ ಮಾಡಿಕೊಳ್ಳಬಹುದು. ದನಿ ಸಣ್ಣದಾದರೆ ರೂಮ್‌ಮೇಟ್ ಎದುರು ನಿಂತು ಅಭ್ಯಾಸ ಮಾಡಬಹುದು. ಆದರೆ ನಮ್ಮ ಊರಿನ ರಾಗವೇ ತಪ್ಪು ಅಂತಾದರೆ ಅದನ್ನು ಎಲ್ಲಿ ಬಿಟ್ಟು ಬರುವುದು, ಯಾಕೆ ಬಿಟ್ಟು ಬರುವುದು? ಯಾವುದು ಎಂದು ಹೇಳದೆ ಬರೀ ಕಮ್ಯುನಿಕೇಶನ್ ಅಂದುಬಿಟ್ಟರೆ, ಕನ್ನಡ ಮೀಡಿಯಮ್ಮಿನಿಂದ ಬಂದವನು ಕೇಳಿಸಿಕೊಳ್ಳುವುದು ಒಂದನ್ನೇ: ನೀನು ಹುಟ್ಟಿದ ಜಾಗ ಸರಿಯಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ನಾನೂರರಲ್ಲಿ ಇಪ್ಪತ್ತು ಅಂದರೆ 5 ಪರ್ಸೆಂಟ್. ಪ್ರತಿ ಕಂಪನಿಯಲ್ಲೂ ನಿಮ್ಮ ಅವಕಾಶ ಇಷ್ಟೇ ಎಂದುಕೊಂಡರೆ, ಒಂಬತ್ತು ಕಡೆ ಹೋಗಿಯೂ ಒಂದೂ ಸಿಗದಿರುವ ಸಾಧ್ಯತೆ ಸುಮಾರು 63 ಪರ್ಸೆಂಟ್. ಈ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿಯಬೇಕಾದರೆ ಹದಿನಾಲ್ಕು ಕಂಪನಿ ಬೇಕು. ಅಂದರೆ ಒಂಬತ್ತು ಸಲ ಬೇಡ ಅನ್ನಿಸಿಕೊಳ್ಳುವುದು ದುರದೃಷ್ಟವೂ ಅಲ್ಲ, ದಡ್ಡತನದ ಸಾಕ್ಷಿಯೂ ಅಲ್ಲ, ಬಹುಪಾಲು ಜನರಿಗೆ ಆಗುವ ಸಂಗತಿ. ನಿಜ ಜೀವನದಲ್ಲಿ ಎಲ್ಲರ ಅವಕಾಶ ಸಮಾನವಲ್ಲ, ಟಾಪರ್‌ಗಳದ್ದು ಹೆಚ್ಚು. ಆದರೆ ಒಬ್ಬರಿಗೆ ಒಂದೇ ಕೆಲಸ ಎಂಬ ನಿಯಮವಿರುವ ಕಾಲೇಜುಗಳಲ್ಲಿ ಅವರು ಮೊದಲ ತಿಂಗಳಲ್ಲೇ ಸಾಲಿನಿಂದ ಹೊರಹೋಗುತ್ತಾರೆ, ಉಳಿದವರಿಗೆ ದಾರಿ ಸ್ವಲ್ಪ ಅಗಲವಾಗುತ್ತದೆ. ನಮ್ಮ ರಾಜ್ಯದ ಯುವನಿಧಿ ಯೋಜನೆಯನ್ನೇ ನೋಡಿ. ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಪದವಿ ಕೈಗೆ ಬಂದ ಮೇಲೂ ಆರು ತಿಂಗಳು ಹುಡುಕಾಡುವುದು ಸಹಜ ಎಂದು ಸರ್ಕಾರದ ನಿಯಮವೇ ಒಪ್ಪಿಕೊಂಡ ಹಾಗಾಯಿತು. ನಮಗಿನ್ನೂ ಪದವಿಯೇ ಮುಗಿದಿಲ್ಲ ಮಾರಾಯ್ರೇ.

ಪ್ಲೇಸ್‌ಮೆಂಟ್ ಭಾಷಣಗಳಲ್ಲಿ ತಪ್ಪದೆ ಬರುವ ಕಥೆ ಅಬ್ದುಲ್ ಕಲಾಂ ಅವರದು. ವಾಯುಪಡೆಯ ಪೈಲಟ್ ಆಗಬೇಕೆಂದು ಡೆಹ್ರಾಡೂನಿಗೆ ಹೋದರು, ಆಯ್ಕೆಯಾಗಲಿಲ್ಲ, ಮುಂದೆ ರಾಷ್ಟ್ರಪತಿಯಾದರು. ಚಪ್ಪಾಳೆ. ಆದರೆ 'ವಿಂಗ್ಸ್ ಆಫ್ ಫೈರ್'ನಲ್ಲಿ ಅವರು ಬರೆದುಕೊಂಡಿರುವ ಒಂದು ವಿವರವನ್ನು ಯಾರೂ ಹೇಳುವುದಿಲ್ಲ. ಬಂದಿದ್ದವರು 25 ಮಂದಿ, ಬೇಕಿದ್ದವರು 8, ತಾನು 9ನೆಯವನು ಎಂಬುದು ಅವರಿಗೆ ಗೊತ್ತಿತ್ತು. ಒಂದೇ ಸ್ಥಾನದಿಂದ ತಪ್ಪಿತು ಎಂದು ತಿಳಿದು ನೊಂದರು, ಹೃಷಿಕೇಶಕ್ಕೆ ಹೋದರು, ಮುಂದಿನ ದಾರಿ ಹಿಡಿದರು. ನಾನು 9ನೆಯವನೋ 390ನೆಯವನೋ ಎಂದು ನನಗೆ ಗೊತ್ತಿಲ್ಲ. 9ನೆಯವನಾಗಿದ್ದರೆ ಇದೇ ದಾರಿಯಲ್ಲಿ ಇನ್ನಷ್ಟು ದಿನ ನಡೆಯಬೇಕು, 390ನೆಯವನಾಗಿದ್ದರೆ ದಾರಿಯನ್ನೇ ಬದಲಿಸಬೇಕು. ಎರಡಕ್ಕೂ ಒಂದೇ ಇ-ಮೇಲ್ ಬರುತ್ತದೆ.

ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಅಪ್ಪ ಬೆಳೆಯುವುದು ಗೋವಿನಜೋಳ, ಅಂದರೆ ಮೆಕ್ಕೆಜೋಳ. ಏಳನೇ ಕಂಪನಿಯೋ ಎಂಟನೆಯದೋ ಆದ ಮೇಲೆ ಫೋನಿನಲ್ಲಿ ಕೇಳಿದ: 'ಅಲ್ಲಪ, ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಹೇಳಬೇಕಲ್ಲ ಅವರು?' ಹಾಗೆಲ್ಲ ಹೇಳುವುದಿಲ್ಲ ಅಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ಎಪಿಎಂಸಿಗೆ ಮಾಲು ಒಯ್ದರೆ ಖರೀದಿದಾರರು ಮೊದಲು ಒಂದು ಹಿಡಿ ಕಾಳು ತೆಗೆದು ಮೀಟರಿಗೆ ಹಾಕಿ ತೇವಾಂಶ ನೋಡುತ್ತಾರೆ. ಹದಿನಾಲ್ಕರ ಒಳಗಿದ್ದರೆ ಒಳ್ಳೆಯ ರೇಟು. ಹದಿನೇಳು, ಹದಿನೆಂಟು ಬಂತೆಂದರೆ ರೇಟು ಇಳಿಸುತ್ತಾರೆ, ಇನ್ನೂ ಹಸಿ ಇದ್ದರೆ ಬೇಡವೇ ಬೇಡ. ಅಪ್ಪ ಜಗಳ ಆಡುತ್ತಾನೆ, ಮೀಟರೇ ಸರಿ ಇಲ್ಲ ಅಂತ ಬೈಯುತ್ತಾನೆ. ಆದರೆ ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಿರುತ್ತದೆ. ಇನ್ನೆರಡು ದಿನ ಕಣದಲ್ಲಿ ಹರವಿ ಬಿಸಿಲಿಗೆ ಒಣಗಿಸಬೇಕು. ಬೇಡ ಅನ್ನಿಸಿಕೊಂಡ ರಾತ್ರಿ ಅವನು ಚೆನ್ನಾಗಿಯೇ ನಿದ್ದೆ ಮಾಡುತ್ತಾನೆ. ಜೋಳಕ್ಕೆ ಸಿಗುವ ಮರ್ಯಾದೆ ಬಿಇ ಓದಿದವನಿಗೆ ಸಿಗಬಾರದೇ ಎಂದು ನಾನು ಕೇಳಿದರೆ ಅತಿಯಾಯಿತೇ? ಅಂದಹಾಗೆ ಅವ್ವ ಇವತ್ತಿನವರೆಗೂ ರಿಸಲ್ಟ್ ಕೇಳಿಲ್ಲ. ಊಟ ಆತಾ ಅಂತ ಕೇಳಿ, ನನ್ನ ದನಿಯಲ್ಲೇ ತಿಳಿದುಕೊಳ್ಳುತ್ತಾಳೆ.

ಕಾರಣ ಸಿಗದಿದ್ದರೆ ಬರೀ ಬೇಜಾರಾಗುತ್ತದೆ, ಅಷ್ಟೇ ತಾನೇ ಅನ್ನಬೇಡಿ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನಿಗೆ ಹತ್ತನೇ ತಿರಸ್ಕಾರವಾದ ವಾರವೇ ಬೆಂಗಳೂರಿನ 'ಕನ್ಸಲ್ಟೆನ್ಸಿ'ಯೊಂದರಿಂದ ಫೋನ್ ಬಂತು. ದೊಡ್ಡ ಕಂಪನಿ, ಬ್ಯಾಕ್‌ಡೋರ್ ಎಂಟ್ರಿ, ಎರಡೂವರೆ ಲಕ್ಷ, ಮೊದಲು ನಲವತ್ತು ಸಾವಿರ ಟೋಕನ್. ಆಫರ್ ಲೆಟರ್ ಕೂಡ ಬಂತು. ಲೋಗೋ, ಸಹಿ, ಸೀಲು ಎಲ್ಲ ಇತ್ತು, ಕಳಿಸಿದ ಮೇಲ್ ಐಡಿ ಮಾತ್ರ ಜಿಮೇಲ್. ಇದು ಮೋಸ ಎಂದು ನಾವು ನಾಲ್ಕು ಜನ ಸುತ್ತ ಕೂತು ಹೇಳಿದರೂ ಅವನು ಕೇಳಲಿಲ್ಲ. ಅವನು ದಡ್ಡನಲ್ಲ, ನಮ್ಮೆಲ್ಲರಿಗಿಂತ ಸಿಜಿಪಿಎ ಹೆಚ್ಚಿರುವವನು. ಅವನು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: 'ಅವರು ನನ್ನ ರೆಸ್ಯೂಮೆ ಓದಿದಾರೆ ಕಣ್ರೋ. ಟೆಕ್ನಿಕಲ್ ಚೆನ್ನಾಗಿದೆ, ಇಂಗ್ಲಿಷ್ ಒಂದೇ ವೀಕು ಅಂದ್ರು. ಇಷ್ಟು ದಿನದಲ್ಲಿ ಇಷ್ಟು ಹೇಳಿದವರು ಅವರೊಬ್ಬರೇ.' ಹತ್ತು ಕಂಪನಿ ಕೊಡದ ಫೀಡ್‌ಬ್ಯಾಕನ್ನು ಒಬ್ಬ ಮೋಸಗಾರ ಕೊಟ್ಟಿದ್ದ. ಪುಣ್ಯಕ್ಕೆ ಹಣ ಕಳಿಸಬೇಕಾಗಿದ್ದವಳು ಅವನ ಅಕ್ಕ. ಆಕೆ ಕಂಪನಿಯ ವೆಬ್‌ಸೈಟಿನಲ್ಲಿದ್ದ ವಿಳಾಸಕ್ಕೆ ಮೇಲ್ ಮಾಡಿ ಕೇಳಿದಳು. ನಾವು ಯಾರಿಂದಲೂ ಹಣ ಪಡೆಯುವುದಿಲ್ಲ ಎಂದು ಮರುದಿನವೇ ಉತ್ತರ ಬಂತು. ಯಾರಾದರೂ ಹೀಗೆ ಹಣ ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೆಸ್ಸಿಗೆ ಬರುವುದನ್ನೇ ಬಿಟ್ಟ, ಬಾಗಿಲು ಹಾಕಿಕೊಂಡು ಮಲಗುವ ಗೆಳೆಯರಿದ್ದರೆ ಅವರ ಪಕ್ಕ ಕೂತು 14416ಕ್ಕೆ ಫೋನ್ ಹಚ್ಚಿಕೊಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಾವಿರಾರು ಮಂದಿಗೆ ಕಾರಣ ಬರೆಯುತ್ತಾ ಕೂರಲು ಕಂಪನಿಗಳಿಗೆ ಸಮಯವೆಲ್ಲಿದೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪ್ರಬಂಧ ಬರೆಯಿರಿ ಅನ್ನುತ್ತಿಲ್ಲ. ಆನ್‌ಲೈನ್ ಪರೀಕ್ಷೆಯ ಅಂಕ ಹೇಗೂ ಕಂಪ್ಯೂಟರಿನಲ್ಲೇ ಇರುತ್ತದೆ. ಆಪ್ಟಿಟ್ಯೂಡ್‌ನಲ್ಲಿ ಇಷ್ಟು, ಕೋಡಿಂಗ್‌ನಲ್ಲಿ ಇಷ್ಟು, ಕಟ್‌ಆಫ್ ಇಷ್ಟು. ಮೂರು ಸಂಖ್ಯೆಗಳು. ಸಂದರ್ಶನ ಮಾಡಿದವರೂ ಹೆಸರಿನ ಮುಂದೆ ಏನೋ ಗೀಚಿಕೊಂಡೇ ಇರುತ್ತಾರೆ, ಅದರಲ್ಲಿ ಒಂದು ಸಾಲು ಸಾಕು. ಸರ್ಕಾರಿ ಪರೀಕ್ಷೆಗಳಲ್ಲಿ ಇದು ಹೊಸದೇನಲ್ಲ. ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆ ನಡೆಸುವ ಯುಪಿಎಸ್‌ಸಿ, ಅಂತಿಮ ಫಲಿತಾಂಶದ ನಂತರ ಆಯ್ಕೆಯಾಗದವರಿಗೂ ಅವರ ಅಂಕ ತೋರಿಸುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹುಡುಗನೂ ಉತ್ತರ ಪತ್ರಿಕೆಯ ನಕಲು ತರಿಸಿಕೊಂಡು ನೋಡಬಹುದು. ಪರೀಕ್ಷೆ ಬರೆದವರಿಗೆ ಮೌಲ್ಯಮಾಪನವಾದ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಖಾಸಗಿ ಕಂಪನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ನಿಜ. ಆದರೆ ಕಂಪನಿಗಳು ಬರುವುದು ಕಾಲೇಜಿನ ಆವರಣಕ್ಕೆ, ಕಾಲೇಜು ಕೊಟ್ಟ ಲ್ಯಾಬಿಗೆ, ಕಾಲೇಜು ಹಾಕಿದ ಊಟಕ್ಕೆ. ಎಷ್ಟು ಪ್ಯಾಕೇಜ್, ಎಷ್ಟು ವರ್ಷದ ಬಾಂಡ್ ಎಂದು ಕೇಳುವ ಪ್ಲೇಸ್‌ಮೆಂಟ್ ಅಧಿಕಾರಿಗಳು, ಆಯ್ಕೆಯಾಗದವರ ಅಂಕಗಳನ್ನು ಕಳಿಸಿಕೊಡುತ್ತೀರಾ ಎಂದೂ ಒಂದು ಮಾತು ಸೇರಿಸಬಹುದು. ಹತ್ತರಲ್ಲಿ ಮೂರು ಕಂಪನಿ ಒಪ್ಪಿದರೂ ನಮಗೆ ಲಾಭವೇ.

ಅವರು ಕೇಳುವವರೆಗೆ ಸುಮ್ಮನೆ ಕೂರಬೇಕೇ? ನಮ್ಮ ಕ್ಲಾಸಿನವರು ಸೆಪ್ಟೆಂಬರಿನಲ್ಲಿ ಒಂದು ಗೂಗಲ್ ಶೀಟ್ ಶುರು ಮಾಡಿದೆವು. ಕಂಪನಿ, ಎಷ್ಟು ಸುತ್ತು, ಯಾವ ಸುತ್ತಿನಲ್ಲಿ ಹೊರಗೆ, ನೆನಪಿರುವ ಪ್ರಶ್ನೆಗಳು, ಅವರು ಹೇಳಿದ ಕಾರಣ. ಹೆಸರು ಬೇಡ ಅನ್ನುವವರು ಹೆಸರಿಲ್ಲದೆ ತುಂಬಬಹುದು. ಮೊದಲ ವಾರ ಆರೇ ಸಾಲು ಬಂದವು. ಎಲ್ಲರಿಗೂ ಸಂಕೋಚ. ಹದಿನಾಲ್ಕು ಆದವಳು ಒಂದು ರಾತ್ರಿ ಕೂತು, ತನ್ನ ಹೆಸರು ಹಾಕಿಯೇ ಹದಿನಾಲ್ಕೂ ಸಾಲು ತುಂಬಿದಳು. ಆಮೇಲೆ ಶೀಟು ಉದ್ದವಾಗುತ್ತಾ ಹೋಯಿತು. ಈಗ ನೂರಕ್ಕೂ ಹೆಚ್ಚು ಸಾಲುಗಳಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಬಿದ್ದಿರುವುದು ಆಪ್ಟಿಟ್ಯೂಡ್ ಸುತ್ತಿನಲ್ಲಿ, ಸಂದರ್ಶನದಲ್ಲಿ ಅಲ್ಲ. ಕಾಲೇಜಿನಲ್ಲಿ ಎಲ್ಲರೂ ತರಬೇತಿ ತೆಗೆದುಕೊಳ್ಳುತ್ತಿದ್ದದ್ದು ಮಾತ್ರ ಸಂದರ್ಶನಕ್ಕೆ: ಟೈ ಕಟ್ಟುವುದು, ಕೈ ಕುಲುಕುವುದು, ನಗುವುದು. ಈಗ ಸಂಜೆ ಐದರ ಮೇಲೆ ಒಂದು ಖಾಲಿ ಕ್ಲಾಸ್‌ರೂಮಿನಲ್ಲಿ ಮೊಬೈಲ್ ಟೈಮರ್ ಇಟ್ಟುಕೊಂಡು ಲೆಕ್ಕ ಬಿಡಿಸುತ್ತೇವೆ. ಇದರಿಂದ ಎಲ್ಲರಿಗೂ ಕೆಲಸ ಸಿಕ್ಕಿತು ಎಂದು ಬರೆಯುವ ಹಾಗಿಲ್ಲ. ನನಗೇ ಸಿಕ್ಕಿಲ್ಲ. ಆದರೆ ಕೊನೆಯ ಎರಡು ಕಂಪನಿಗಳಲ್ಲಿ ನಾನು ಟೆಕ್ನಿಕಲ್ ಸುತ್ತಿನವರೆಗೆ ಹೋಗಿದ್ದೇನೆ.

ಶೀಟಿನ ಕೊನೆಯ ಕಾಲಂ, 'ಅವರು ಹೇಳಿದ ಕಾರಣ', ಹೆಚ್ಚುಕಡಿಮೆ ಖಾಲಿ. ತುಂಬಿರುವುದು ನಾಲ್ಕೇ ಕಡೆ, ಅದರಲ್ಲಿ ಮೂರು ಕಮ್ಯುನಿಕೇಶನ್. ನಾಲ್ಕನೆಯದನ್ನು ಕೊಟ್ಟದ್ದು ಮೂವತ್ತು ಜನ ಕೆಲಸ ಮಾಡುವ ಒಂದು ಸಣ್ಣ ಕಂಪನಿ: 'ಡಿಜಿಟಲ್ ಎಲೆಕ್ಟ್ರಾನಿಕ್ಸ್ ಚೆನ್ನಾಗಿದೆ. ಸಿ ಭಾಷೆಯಲ್ಲಿ ಪಾಯಿಂಟರ್ಸ್ ಸಾಲದು. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ.' ಅದು ಸಿಕ್ಕಿದ್ದು ಆ ಹದಿನಾಲ್ಕರವಳಿಗೆ. ಈಗ ಲೈಬ್ರರಿಯಲ್ಲಿ ಸಿ ಪುಸ್ತಕ ಬೇಕೆಂದರೆ ಆಕೆಯ ಹತ್ತಿರ ಕೇಳಬೇಕು, ಎರಡು ಸಲ ರಿನ್ಯೂ ಮಾಡಿಸಿಟ್ಟುಕೊಂಡಿದ್ದಾಳೆ.